ಕನ್ನಡಿ ಇಲ್ಲದ ಗರಡಿ

ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಬೆಳಗಿನ ಐದು ಗಂಟೆಗೆ ಬೀದಿಗಿಳಿದರೆ ಎದುರಾಗುವವರು ಹಾಲಿನವರು, ಪತ್ರಿಕೆ ಹಂಚುವ ಹುಡುಗರು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೊರಟವರು. ಇವರ ನಡುವೆ ಹೆಗಲ ಮೇಲೊಂದು ಟವಲು ಹಾಕಿಕೊಂಡು, ಯಾರನ್ನೂ ಮಾತಾಡಿಸದೆ ಓಣಿಯೊಳಕ್ಕೆ ತಿರುಗುವ ಹುಡುಗರೂ ಇರುತ್ತಾರೆ. ಓಣಿಯ ಕೊನೆಗೆ ಹೆಂಚಿನ ಮಾಡಿನ ಒಂದು ಹಳೆಯ ಕಟ್ಟಡ. ಅದರ ಬಾಗಿಲು ಗಿಡ್ಡ. ಎಂಥ ದೊಡ್ಡ ಪೈಲ್ವಾನನಾದರೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಅದೇ ಗರಡಿಮನೆ.

ಒಳಗೆ ಬೆಳಕು ಕಡಿಮೆ. ಗೋಡೆಯ ಮೇಲೆ ಆಂಜನೇಯನ ಪಟ, ಅದರ ಮುಂದೆ ಉರಿಯುವ ದೀಪ, ಪಕ್ಕದಲ್ಲಿ ಹಾರ ಹಾಕಿಸಿಕೊಂಡ ಹಿಂದಿನ ಉಸ್ತಾದರ ಮಾಸಿದ ಫೋಟೋಗಳು. ಮೂಲೆಯಲ್ಲಿ ಗದೆ, ಕಲ್ಲುಗುಂಡು, ಮರದ ಲೋಡುಗಳು. ನಡುವೆ ಕೆಮ್ಮಣ್ಣಿನ ಅಖಾಡ, ಮೈಸೂರಿನವರ ಬಾಯಲ್ಲಿ ಮಟ್ಟಿ. ಜರಡಿ ಹಿಡಿದ ಮಣ್ಣಿಗೆ ಅರಿಸಿನ, ಕುಂಕುಮ, ಎಣ್ಣೆ, ಮಜ್ಜಿಗೆ ಮುಂತಾದವನ್ನು ಬೆರೆಸಿ ಹದ ಮಾಡುತ್ತಾರೆ. ಹದದ ಲೆಕ್ಕ ಗರಡಿಯಿಂದ ಗರಡಿಗೆ ಬೇರೆ. ಬಂದ ಹುಡುಗ ಮೊದಲು ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ. ಆಮೇಲೆ ಗುದ್ದಲಿ ಹಿಡಿದು ಅದೇ ಮಣ್ಣನ್ನು ಅಗೆದು ಸಡಿಲ ಮಾಡುತ್ತಾನೆ. ಅದೂ ವ್ಯಾಯಾಮದ ಒಂದು ಭಾಗವೇ.

ಹೊಸದಾಗಿ ಬಂದವರಿಗೆ ಸ್ವಲ್ಪ ಹೊತ್ತಿನ ಮೇಲೆ ಹೊಳೆಯುವ ಸಂಗತಿಯೊಂದಿದೆ. ಮೈ ಬೆಳೆಸುವುದಕ್ಕೆಂದೇ ಇರುವ ಈ ಮನೆಯಲ್ಲಿ, ಹಳೆಯ ಪದ್ಧತಿ ಉಳಿದಿರುವ ಕಡೆ, ಸಾಮಾನ್ಯವಾಗಿ ಕನ್ನಡಿ ಇರುವುದಿಲ್ಲ. ತನ್ನ ಮೈ ಹೇಗಿದೆ ಎಂಬುದು ಇಲ್ಲಿ ಹುಡುಗನಿಗೆ ಗೊತ್ತಾಗುವುದು ಬೇರೆ ದಾರಿಯಲ್ಲಿ. ಎಷ್ಟು ಸಾಮು ತೆಗೆದರೆ ಉಸಿರು ಕಟ್ಟುತ್ತದೆ, ಎಷ್ಟು ಬಸ್ಕಿ ಹೊಡೆದರೆ ತೊಡೆ ನಡುಗುತ್ತದೆ, ಎದುರಾಳಿ ಸೊಂಟ ಹಿಡಿದಾಗ ಕಾಲು ನಿಲ್ಲುತ್ತದೆಯೋ ಕೀಳುತ್ತದೆಯೋ ಎಂಬ ಲೆಕ್ಕದಿಂದ. ಎಣ್ಣೆ ಹಚ್ಚಿ ಮಾಲೀಸು ಮಾಡುವ ಜೊತೆಗಾರನ ಕೈಗೆ ಯಾವ ಸ್ನಾಯು ಬಿಗಿದಿದೆ, ಯಾವ ಕೀಲು ನೋಯುತ್ತಿದೆ ಎಂಬುದು ಮೈಯ ಒಡೆಯನಿಗಿಂತ ಮೊದಲೇ ತಿಳಿಯುತ್ತದೆ.

ಮುರಿದ ಕಿವಿಯ ಮರ್ಯಾದೆ

ಪೈಲ್ವಾನನ ಗುರುತು ಹಿಡಿಯಲು ಊರಿನವರು ತೋಳು ನೋಡುವುದಿಲ್ಲ, ಕಿವಿ ನೋಡುತ್ತಾರೆ. ಪಟ್ಟು ಹಿಡಿಯುವಾಗ ತಲೆಗೆ ತಲೆ ಉಜ್ಜಿ, ಕಿವಿಯ ಮೃದ್ವಸ್ಥಿ ಮತ್ತು ಅದರ ಹೊದಿಕೆಯ ನಡುವೆ ರಕ್ತ ಕಟ್ಟುತ್ತದೆ. ಬೇಗ ವೈದ್ಯರ ಬಳಿ ಹೋಗಿ ತೆಗೆಸದಿದ್ದರೆ ಅದು ಅಲ್ಲೇ ಗಟ್ಟಿಯಾಗಿ ಕಿವಿ ಮುದುಡಿಕೊಳ್ಳುತ್ತದೆ. ಹೊರಗಿನವರ ಕಣ್ಣಿಗೆ ಅದು ವಿಕಾರ. ಗರಡಿಯಲ್ಲಿ ಮಾತ್ರ ಅದು ಮರ್ಯಾದೆ, ವರ್ಷಗಟ್ಟಲೆ ಮಣ್ಣಿನಲ್ಲಿ ಹೊರಳಿದ್ದಕ್ಕೆ ಸಿಕ್ಕ ಮೊಹರು. ಮದುವೆಯ ಫೋಟೋದಲ್ಲಿ ಕಿವಿ ಮರೆಮಾಡಿಕೊಳ್ಳುವ ಪೈಲ್ವಾನನನ್ನು ಹುಡುಕುವುದು ಕಷ್ಟ.

ಅಂದವೆಂದರೇನು, ಕುಂದೆಂದರೇನು ಎಂಬುದನ್ನು ಮೈ ತಾನಾಗಿ ಹೇಳುವುದಿಲ್ಲ, ಸುತ್ತಲಿನ ಜನ ಹೇಳಿಕೊಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹೇಳಿಕೊಡುವವರು ಯಾರು ಎಂಬುದೇ ಈಗಿನ ಹುಡುಗರ ಪ್ರಶ್ನೆ. ಗರಡಿಯ ಉಸ್ತಾದರೋ, ಮಹಡಿಯ ಮೇಲಿನ ಕನ್ನಡಿಯೋ, ಕೈಯಲ್ಲಿರುವ ಫೋನಿನ ಚಿತ್ರಗಳೋ?

ಮಹಡಿಯ ಮೇಲಿನ ಕನ್ನಡಿ

ಗರಡಿಯಿಂದ ಹೊರಬಂದು ಮುಖ್ಯರಸ್ತೆಗೆ ಸೇರಿದರೆ ಅಂಗಡಿ ಸಾಲಿನ ಮೇಲೆ ಜಿಮ್ಮಿನ ಬೋರ್ಡು ಕಾಣುತ್ತದೆ. ಮೆಟ್ಟಿಲು ಹತ್ತಿದರೆ ಗೋಡೆಯುದ್ದಕ್ಕೂ ಕನ್ನಡಿ, ಅದರ ಮುಂದೆ ಕಬ್ಬಿಣ ಎತ್ತುವ ಹುಡುಗರು. ಬೆಳಿಗ್ಗೆ ಗರಡಿ, ಸಂಜೆ ಜಿಮ್ಮು ಎಂದು ಎರಡೂ ಕಡೆ ಹೋಗುವವರು ಈಗ ಕಡಿಮೆಯಿಲ್ಲ. ಜಿಮ್ಮಿನಲ್ಲಿ ತಪ್ಪೇನೂ ಇಲ್ಲ. ಭಾರ ಎತ್ತುವ ಭಂಗಿ ಸರಿಯಿದೆಯೇ ಎಂದು ನೋಡಿಕೊಳ್ಳಲು ಕನ್ನಡಿ ಬೇಕೇ ಬೇಕು. ತೊಂದರೆ ಶುರುವಾಗುವುದು ಭಂಗಿ ನೋಡಬೇಕಾದ ಕಣ್ಣು ಕುಂದು ಹುಡುಕತೊಡಗಿದಾಗ.

ಅಂಥ ಹುಡುಗ ಬಹುಮಟ್ಟಿಗೆ ಎಲ್ಲ ಗರಡಿಯಲ್ಲೂ ಒಬ್ಬನಾದರೂ ಸಿಗುತ್ತಾನೆ. ಪಿಯುಸಿ ಓದುವ ವಯಸ್ಸು. ಜೊತೆಯವರಿಗಿಂತ ಚೆನ್ನಾಗಿಯೇ ಬೆಳೆದ ಮೈ. ಆದರೂ ಬೇಸಿಗೆಯಲ್ಲೂ ತುಂಬು ತೋಳಿನ ಸಡಿಲ ಅಂಗಿ. ಲಂಗೋಟಿ ಕಟ್ಟಿ ಮಣ್ಣಿಗಿಳಿಯಲು ಹಿಂದೆಮುಂದೆ ನೋಡುತ್ತಾನೆ. ಉಸ್ತಾದರು ಸುಮ್ಮನಿರುವವರಲ್ಲ.

"ಯಾಕೋ ಮಗ, ಅಂಗಿ ತೆಗೆಯಕ್ಕೆ ಇಷ್ಟೊತ್ತು?"

"ಇನ್ನೂ ಮೈ ಬಂದಿಲ್ಲ ಉಸ್ತಾದ್ರೇ. ಎದೆ ಸಣ್ಣ ಕಾಣ್ತದೆ."

"ಯಾರಿಗೆ ಕಾಣ್ತದೆ?"

ಹುಡುಗನ ಬಳಿ ಉತ್ತರವಿಲ್ಲ. ಉಸ್ತಾದರು ಅವನ ಎದುರಿಗೆ ಜೋಡಿಯೊಬ್ಬನನ್ನು ನಿಲ್ಲಿಸಿ ಮಣ್ಣು ಕೊಡುತ್ತಾರೆ. ಅರ್ಧ ಗಂಟೆ ಕಳೆಯುವ ಹೊತ್ತಿಗೆ ಇಬ್ಬರ ಮೈಯೂ ಒಂದೇ ಬಣ್ಣ. ಯಾರ ಎದೆ ಎಷ್ಟು ಎಂದು ನೋಡುವ ವ್ಯವಧಾನ ಯಾರಿಗೂ ಉಳಿದಿರುವುದಿಲ್ಲ.

ಈ ಸಂಕೋಚಕ್ಕೆ ವೈದ್ಯರು ಹೆಸರಿಟ್ಟು ಬಹಳ ಕಾಲವೇನೂ ಆಗಿಲ್ಲ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಅವರ ಜೊತೆಗಾರರು 1993ರಲ್ಲಿ ದೇಹದಾರ್ಢ್ಯ ಪಟುಗಳಲ್ಲಿ ಒಂದು ವಿಚಿತ್ರವನ್ನು ಗುರುತಿಸಿದರು. ಊಟ ಬಿಟ್ಟು ಕಡ್ಡಿಯಾದರೂ ತಾವು ದಪ್ಪ ಎಂದು ನಂಬುವ ಹೆಣ್ಣುಮಕ್ಕಳ ಕಾಯಿಲೆ ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಇದು ಅದರ ತಲೆಕೆಳಗು. ಕಟ್ಟುಮಸ್ತಾಗಿದ್ದರೂ ತಾನು ನರಪೇತಲ ಎಂಬ ನಂಬಿಕೆ. 1997ರಲ್ಲಿ ಇದಕ್ಕೆ 'ಮಸಲ್ ಡಿಸ್ಮಾರ್ಫಿಯಾ' ಎಂಬ ಹೆಸರು ಬಂತು. 2013ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿ ಅದನ್ನು ಸೇರಿಸಿಕೊಂಡಿತು. ಇದಕ್ಕೆ ಸಿಕ್ಕವರಲ್ಲಿ ಕೆಲವರು ದಿನಕ್ಕೆ ಹತ್ತಾರು ಸಲ ಕನ್ನಡಿ ನೋಡುತ್ತಾರೆ, ಕೆಲವರು ಕನ್ನಡಿಯ ಹತ್ತಿರವೇ ಸುಳಿಯುವುದಿಲ್ಲ. ವ್ಯಾಯಾಮ ತಪ್ಪುತ್ತದೆಂದು ಮದುವೆಮನೆಗೂ ಹೋಗುವುದಿಲ್ಲ. ಗಾಯವಾದರೂ ಭಾರ ಎತ್ತುವುದು ಬಿಡುವುದಿಲ್ಲ. ಕೊನೆಗೆ ಕೆಲವರು ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುತ್ತಾರೆ. ಗಂಡಸುತನ ತೋರಿಸಲೆಂದು ಚುಚ್ಚಿಸಿಕೊಂಡ ಆ ಮದ್ದು ವೃಷಣಗಳನ್ನು ಕುಗ್ಗಿಸುತ್ತದೆ, ಕೆಲವರ ಎದೆಯನ್ನು ಹೆಂಗಸರಂತೆ ಊದಿಸುತ್ತದೆ, ಹೃದಯಕ್ಕೂ ಯಕೃತ್ತಿಗೂ ಪೆಟ್ಟು ಕೊಡುತ್ತದೆ. ಈ ವ್ಯಂಗ್ಯವನ್ನು ಅಂಥ ಹುಡುಗರಿಗೆ ಮೊದಲೇ ಯಾರೂ ಹೇಳಿರುವುದಿಲ್ಲ.

ಜಗನ್ಮೋಹನದ ಅಂಗಳ

ಮೈಯನ್ನು ಚಿತ್ರವಾಗಿ ನೋಡುವ ಗೀಳು ನಿನ್ನೆ ಮೊನ್ನೆಯದೇನಲ್ಲ. ಅದರ ಒಂದು ಎಳೆ ಹಿಡಿದು ಹೊರಟರೆ ಮೈಸೂರಿನಲ್ಲೇ ಜಗನ್ಮೋಹನ ಅರಮನೆಯ ಅಂಗಳಕ್ಕೆ ಬರಬೇಕಾಗುತ್ತದೆ. ಇಂದು ಜನ ಅಲ್ಲಿಗೆ ರವಿವರ್ಮನ ಚಿತ್ರಗಳನ್ನು, ಹಳದಣಕರರ ದೀಪ ಹಿಡಿದ ಹೆಣ್ಣನ್ನು ನೋಡಲು ಹೋಗುತ್ತಾರೆ. 1930ರ ದಶಕದಲ್ಲಿ ಅದೇ ಆವರಣದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಹತ್ತಿರದಲ್ಲೇ ಬೆಂಗಳೂರಿನ ಕೆ.ವಿ. ಅಯ್ಯರ್ ಅವರ ಪದ್ಧತಿಯ ವ್ಯಾಯಾಮಶಾಲೆಯೂ ಇತ್ತು.

ಕನ್ನಡದ ಓದುಗರಿಗೆ ಅಯ್ಯರ್ ಎಂದರೆ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃ, ಕೈಲಾಸಂ ಅವರ ಆಪ್ತ. ಅವರ ಕಾಲದ ತರುಣರಿಗೆ ಮಾತ್ರ ಅವರು ಮೊದಲು ವ್ಯಾಯಾಮದ ಗುರು. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ನಿಂತು ತೆಗೆಸಿದ ಅವರ ಫೋಟೋಗಳು ವಿದೇಶದ ಪತ್ರಿಕೆಗಳಲ್ಲೂ ಅಚ್ಚಾದವು. ಭಾರತೀಯರು ಬಲಹೀನರು ಎಂದು ಆಳುವವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಆ ಚಿತ್ರಗಳು ಅನೇಕರಿಗೆ ಎದೆಯೆತ್ತಿ ನಡೆಯುವ ಧೈರ್ಯ ಕೊಟ್ಟವು. ಅವರ ಪಾಠದಲ್ಲಿ ಬಾರ್‌ಬೆಲ್ ಇತ್ತು, ಸೂರ್ಯನಮಸ್ಕಾರ ಇತ್ತು, ಹಠಯೋಗವೂ ಇತ್ತು. ಅಂಚೆಯ ಮೂಲಕ ಪಾಠ ಕಳಿಸುವ ಏರ್ಪಾಟೂ ಇತ್ತು.

ಹೀಗೆ ಮೈಯ ಚಿತ್ರ ಒಂದು ಕಾಲಕ್ಕೆ ಕೀಳರಿಮೆ ಕಳೆಯುವ ಮದ್ದಾಗಿತ್ತು. ಅದೇ ಚಿತ್ರ ಇಂದು ಕೀಳರಿಮೆ ಹುಟ್ಟಿಸುವುದು ಹೇಗೆ? ಅಂದಿನ ಹುಡುಗ ತಿಂಗಳಿಗೊಂದು ಪತ್ರಿಕೆಯಲ್ಲಿ ಒಂದು ಫೋಟೋ ನೋಡುತ್ತಿದ್ದ. ಇಂದಿನ ಹುಡುಗ ಬಸ್ಸಿಗೆ ಕಾಯುವಷ್ಟರಲ್ಲಿ ನೂರು ನೋಡುತ್ತಾನೆ. ಬೆಳಕು ಹೊಂದಿಸಿ, ನೀರು ಕುಡಿಯದೆ ಚರ್ಮ ಬಿಗಿಸಿ, ಹತ್ತು ಸಲ ತೆಗೆದು ಆರಿಸಿದ ಕ್ಷಣವನ್ನು ತನ್ನ ನಿತ್ಯದ ಮೈಗೆ ಹೋಲಿಸಿಕೊಳ್ಳುತ್ತಾನೆ. ಆ ಸ್ಪರ್ಧೆಯಲ್ಲಿ ಗೆದ್ದವರು ಯಾರೂ ಇಲ್ಲ. ಚಿತ್ರದಲ್ಲಿರುವವನೂ ಮರುದಿನ ಹಾಗೆ ಇರುವುದಿಲ್ಲ.

ಜೋಡಿ ಕಟ್ಟುವ ದಿನ

ಮೈಸೂರಿಗೆ ಕುಸ್ತಿಯ ಹುಚ್ಚು ಹತ್ತಿದ್ದು ಅರಮನೆಯಿಂದ. ಹದಿನೇಳನೆಯ ಶತಮಾನದ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದ ಕಥೆ ಇಲ್ಲಿ ಮನೆಮಾತು. 1960ರಲ್ಲಿ ರಾಜಕುಮಾರ್ ಅವರ 'ರಣಧೀರ ಕಂಠೀರವ' ಅದನ್ನು ನಾಡಿಗೆಲ್ಲ ಹರಡಿತು. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ನಿಲ್ಲುತ್ತಾರೆ. ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ಮುಗಿಯುತ್ತದೆ. ದಸರಾ ಕುಸ್ತಿ ನಡೆಯುವುದು ವಸ್ತುಪ್ರದರ್ಶನದ ಆವರಣದ ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ.

ನಾಡಕುಸ್ತಿಯಲ್ಲಿ ನೋಡಬೇಕಾದದ್ದು ಕುಸ್ತಿಗಿಂತ ಮುಂಚೆ ನಡೆಯುವ ಜೋಡಿ ಕಟ್ಟುವ ಕೆಲಸ. ಬೇರೆ ಬೇರೆ ಗರಡಿಗಳಿಂದ ಬಂದ ಪೈಲ್ವಾನರನ್ನು ಹಿರಿಯರು ಎದುರುಬದುರು ನಿಲ್ಲಿಸಿ ಮೈಕಟ್ಟು, ತೂಕ, ವಯಸ್ಸು, ಅನುಭವ ಎಲ್ಲವನ್ನೂ ತೂಗಿ ಇವನಿಗೆ ಇವನು ಸರಿ ಎಂದು ನಿರ್ಧರಿಸುತ್ತಾರೆ. ಕುಳ್ಳಗೆ ಗಟ್ಟಿಯಾದವನಿಗೆ ಉದ್ದಗೆ ಚುರುಕಾದವನು ಜೋಡಿಯಾಗಬಹುದು. ಹೊಟ್ಟೆ ಬಂದವನೂ ಅಖಾಡದಲ್ಲಿರುತ್ತಾನೆ. ಅವನು ಗೆದ್ದರೆ ಶಿಳ್ಳೆ ಹೊಡೆಯಲು ಯಾರೂ ಅವನ ಹೊಟ್ಟೆಯ ಅಳತೆ ಕೇಳುವುದಿಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮೈ ಬೇಕೆಂಬ ಹಟ ಇಲ್ಲಿಲ್ಲ.

ಯಾವ ಗರಡಿಗೂ ಹೊಸದಲ್ಲದ ಗಾಮಾನ ಕಥೆಯೂ ಇದನ್ನೇ ಹೇಳುತ್ತದೆ. ಅಷ್ಟೇನೂ ಎತ್ತರವಿಲ್ಲದ ಆ ಪೈಲ್ವಾನ 1910ರಲ್ಲಿ ಲಂಡನ್ನಿಗೆ ಹೋಗಿ ಪೋಲೆಂಡಿನ ಭಾರಿ ಆಳು ಜಿಬಿಸ್ಕೋನನ್ನು ಎರಡೂವರೆ ಗಂಟೆಗೂ ಮೀರಿ ನೆಲದಿಂದ ಏಳಲು ಬಿಡದೆ ಹಿಡಿದಿಟ್ಟ. 1928ರಲ್ಲಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಪಟಿಯಾಲದಲ್ಲಿ ಅದೇ ಎದುರಾಳಿಯನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ.

ನೂರು ಗ್ರಾಂ, ಐವತ್ತು ಗ್ರಾಂ

ಮಣ್ಣಿನಿಂದ ಮ್ಯಾಟಿಗೆ ಹೋದ ಹುಡುಗನಿಗೆ ಕನ್ನಡಿಯ ಜೊತೆ ಇನ್ನೊಂದು ಯಜಮಾನ ಸಿಗುತ್ತದೆ. ಅದು ತಕ್ಕಡಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಫ್ರೀಸ್ಟೈಲ್ ಕುಸ್ತಿಗೆ ಇದ್ದದ್ದು ಆರೇ ತೂಕದ ವರ್ಗಗಳು: 57, 65, 74, 86, 97 ಮತ್ತು 125 ಕಿಲೋ. 69 ಕಿಲೋ ತೂಗುವ ಹುಡುಗ ಎಲ್ಲಿಗೆ ಹೋಗಬೇಕು? ಬಹಳ ಮಂದಿ ಕೆಳಗಿನ ವರ್ಗಕ್ಕೆ ಇಳಿಯಲು ನೋಡುತ್ತಾರೆ.

2024ರ ಆಗಸ್ಟ್ 7ರಂದು ನೂರು ಗ್ರಾಂ ಹೆಚ್ಚಾಗಿ ವಿನೇಶ್ ಫೋಗಟ್ ಫೈನಲ್ ಕಳೆದುಕೊಂಡದ್ದು ದೇಶಕ್ಕೆಲ್ಲ ನೆನಪಿದೆ. ಅದಾದ ಮರುದಿನ ರಾತ್ರಿ ನಡೆದದ್ದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. 57 ಕಿಲೋ ವರ್ಗದ ಅಮನ್ ಸೆಹ್ರಾವತ್ ಸೆಮಿಫೈನಲ್‌ನಲ್ಲಿ ಸೋತಾಗ 61.5 ಕಿಲೋ ತೂಗುತ್ತಿದ್ದರು. ಬೆಳಗಾಗುವುದರೊಳಗೆ ಸುಮಾರು ಹತ್ತು ಗಂಟೆಯಲ್ಲಿ 4.6 ಕಿಲೋ ಇಳಿಸಿದರು. ಮ್ಯಾಟ್ ಮೇಲಿನ ಕಸರತ್ತು, ಬಿಸಿನೀರಿನ ಸ್ನಾನ, ಟ್ರೆಡ್‌ಮಿಲ್ ಓಟ, ಆವಿ ಕೋಣೆ ಎಂದು ರಾತ್ರಿಯಿಡೀ ನಿದ್ದೆಯಿಲ್ಲ. ಮರುದಿನ ಕಂಚು ಬಂತು, ದೇಶ ಸಂಭ್ರಮಿಸಿತು. ಅವರನ್ನು ಸೆಮಿಫೈನಲ್‌ನಲ್ಲಿ ಸೋಲಿಸಿ ಚಿನ್ನ ಗೆದ್ದ ಜಪಾನಿನ ರೇ ಹಿಗುಚಿ 2021ರಲ್ಲಿ ಬರೀ ಐವತ್ತು ಗ್ರಾಂ ಹೆಚ್ಚಾಗಿ ಒಲಿಂಪಿಕ್ ಅರ್ಹತಾ ಸ್ಪರ್ಧೆಯಿಂದ ಹೊರಬಿದ್ದವರು.

ಗೆದ್ದಾಗ ಇದು ಸಾಹಸದ ಕಥೆ. 1997ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಇದು ಸಾವಿನ ಕಥೆಯಾಯಿತು. ಒಂದು ತಿಂಗಳ ಸುಮಾರಿನಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಯತ್ನದಲ್ಲೇ ಸತ್ತರು. ನೀರು ಬಿಟ್ಟು, ಬೆವರು ಹೊರಹೋಗದ ಉಡುಪು ತೊಟ್ಟು ವ್ಯಾಯಾಮ ಮಾಡುತ್ತಿದ್ದವರು ಅವರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಅಂಥ ಉಡುಪನ್ನೂ ಆವಿ ಕೋಣೆಯನ್ನೂ ನಿಷೇಧಿಸಿತು. ವಾರಕ್ಕೆ ಮೈತೂಕದ ನೂರಕ್ಕೆ ಒಂದೂವರೆ ಪಾಲಿಗಿಂತ ಹೆಚ್ಚು ಇಳಿಸಬಾರದೆಂಬ ಮಿತಿಯೂ ಬಂತು. 60 ಕಿಲೋ ಹುಡುಗನ ಲೆಕ್ಕದಲ್ಲಿ ಅದು ವಾರಕ್ಕೆ 900 ಗ್ರಾಂ. ಹೊಟ್ಟೆಗೆ ತಿನ್ನದೆ ಮೈ ದಂಡಿಸಿದರೆ ಮೂಳೆ, ಹಾರ್ಮೋನು, ಮನಸ್ಸು ಎಲ್ಲವೂ ಸೊರಗುತ್ತವೆ ಎಂಬುದನ್ನು ಬಹುಕಾಲ ಕ್ರೀಡಾಪಟು ಹೆಂಗಸರ ಸಮಸ್ಯೆ ಎಂದೇ ತಿಳಿಯಲಾಗಿತ್ತು. ಅದು ಗಂಡಸರನ್ನೂ ಬಿಡುವುದಿಲ್ಲವೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಸ್ಪಷ್ಟವಾಗಿ ಬರೆದರು.

ಗರಡಿಯೂ ಕಲಿಯಬೇಕಾದದ್ದು

ಹಾಗೆಂದು ಗರಡಿಯನ್ನು ಸ್ವರ್ಗ ಮಾಡಿ ಕೂರಿಸುವುದೂ ಸರಿಯಲ್ಲ. ನೋವನ್ನು ಬಾಯಿಬಿಟ್ಟು ಹೇಳುವುದು ಅಲ್ಲಿ ಹಿಂದಿನಿಂದಲೂ ನಾಚಿಕೆಯ ಸಂಗತಿ. ಸಣ್ಣಕಲ, ಡುಮ್ಮ, ಹೆಣ್ಣಿಗ ಎಂಬ ಅಡ್ಡಹೆಸರುಗಳು ತಮಾಷೆಯ ಹೆಸರಿನಲ್ಲಿ ಹುಟ್ಟಿ ವರ್ಷಗಟ್ಟಲೆ ಅಂಟಿಕೊಳ್ಳುತ್ತವೆ. ಕುಸ್ತಿ ಬಿಟ್ಟ ಮೇಲೆ ಏನು ಎಂಬ ಪ್ರಶ್ನೆಗೂ ಗರಡಿಯಲ್ಲಿ ಉತ್ತರ ಕಡಿಮೆ. ತಿನ್ನುವ ಅಭ್ಯಾಸ ಉಳಿದು ಸಾಮು ನಿಂತಾಗ ಮೈ ಸಡಿಲವಾಗುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ. ಬೀದಿಯಲ್ಲಿ ಹೋಗುವಾಗ "ಹೆಂಗಿದ್ದೋರು ಹೆಂಗಾಗ್ಬಿಟ್ರಿ ಪೈಲ್ವಾನ್ರೇ" ಎಂದು ಕೇಳುವವರ ಕರುಣೆಯೂ ಚುಚ್ಚುತ್ತದೆ. ಜಗತ್ತು ಗೆದ್ದ ಗಾಮಾನೇ 1960ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳನ್ನು ಕಾಯಿಲೆ, ಹಣದ ಅಡಚಣೆಗಳಲ್ಲಿ ಕಳೆದ. ಮೈಯೊಂದನ್ನೇ ನಂಬಿದವನಿಗೆ ಮೈ ಇಳಿಯುವ ಕಾಲ ಎಲ್ಲರಿಗಿಂತ ಭಾರ.

ಆದ್ದರಿಂದ ಬೇಕಾಗಿರುವುದು ಎರಡೂ ಕಡೆಯ ಒಳ್ಳೆಯದು. ವಾರಕ್ಕೆ ಇಷ್ಟೇ ತೂಕ ಇಳಿಸಬೇಕೆಂಬ ವೈದ್ಯರ ಲೆಕ್ಕ, ಕಿವಿಯಲ್ಲಿ ರಕ್ತ ಕಟ್ಟಿದ ದಿನವೇ ಆಸ್ಪತ್ರೆಗೆ ಕಳಿಸುವ ಬುದ್ಧಿ, ಪುಡಿ ಮತ್ತು ಇಂಜೆಕ್ಷನ್ ಬಗ್ಗೆ ನೇರ ಮಾತು ಗರಡಿಗೆ ಬೇಕು. ಮೈಯನ್ನು ಅದು ಮಾಡುವ ಕೆಲಸದಿಂದ ಅಳೆಯುವ ಕಣ್ಣು ಜಿಮ್ಮಿಗೆ ಬೇಕು. ಹೋದ ತಿಂಗಳು ಐವತ್ತು ಬಸ್ಕಿಗೆ ಕುಸಿಯುತ್ತಿದ್ದವನು ಈ ತಿಂಗಳು ನೂರು ಹೊಡೆದ, ಚಿತ್ ಆಗುತ್ತಿದ್ದವನು ಈಗ ಹತ್ತು ನಿಮಿಷ ನಿಲ್ಲುತ್ತಾನೆ ಎಂದು ಗುರುತಿಸಿ ಹೇಳುವವರು ಇದ್ದರೆ ಹುಡುಗನಿಗೆ ಕನ್ನಡಿಯ ಮಾತು ಅಷ್ಟು ದೊಡ್ಡದಾಗಿ ಕೇಳುವುದಿಲ್ಲ. ಊಟ ಬಿಡುವ, ನಿದ್ದೆ ಕೆಡುವ, ಮೈ ತೋರಿಸಲು ಹೆದರುವ ಹುಡುಗನನ್ನು ಗದರಿಸದೆ ವೈದ್ಯರ ಬಳಿ ಕರೆದೊಯ್ಯುವುದೂ ಉಸ್ತಾದರ ಕೆಲಸವೇ. ಮೂಳೆ ಮುರಿದರೆ ಕರೆದೊಯ್ಯುವುದಿಲ್ಲವೇ?

ಏಳು ಗಂಟೆಯ ಹೊತ್ತಿಗೆ ಗರಡಿಯಲ್ಲಿ ಬೆಳಕು ತುಂಬುತ್ತದೆ. ಕುಸ್ತಿ ಮುಗಿಸಿದ ಹುಡುಗರು ಒಬ್ಬರ ಬೆನ್ನಿನ ಮಣ್ಣನ್ನು ಇನ್ನೊಬ್ಬರು ಉಜ್ಜಿ ತೆಗೆಯುತ್ತಾರೆ. ತನ್ನ ಬೆನ್ನು ತನಗೆ ಕಾಣುವುದಿಲ್ಲ, ಅದಕ್ಕೆ ಜೊತೆಗಾರ ಬೇಕು. ಸಡಿಲ ಅಂಗಿಯ ಹುಡುಗ ತೊಟ್ಟಿಯ ನೀರು ಮೊಗೆದು ಸುರಿದುಕೊಂಡು, ಟವಲು ಹೆಗಲಿಗೆ ಹಾಕಿ ಹೊರಡುತ್ತಾನೆ. ಅಂಗಿ ಕೈಯಲ್ಲೇ ಇದೆ.

"ಬೆಳಿಗ್ಗೆ ಏನಾದ್ರೂ ತಿಂದ್ಕೊಂಡು ಕಾಲೇಜಿಗೆ ಹೋಗೋ," ಎಂದು ಉಸ್ತಾದರು ಹಿಂದಿನಿಂದ ಕೂಗುತ್ತಾರೆ.

"ಆಯ್ತು ಉಸ್ತಾದ್ರೇ," ಎಂದು ಅವನು ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಬೀದಿಗಿಳಿಯುತ್ತಾನೆ.